ಅಪ್ಪನ ಹೊಸ ರೇಜರ್

ಕುಸನೂರ ರಸ್ತೆ, ಕಲಬುರಗಿ
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೋದಾಗ ನಿಮ್ಮ ಹೊಸ ರೇಜರಿನ ಹಿಡಿಯ ತುದಿಯಲ್ಲಿ ಒಂದು ಹನಿ ನೀರು ತೂಗುತ್ತಿತ್ತು. ಶನಿವಾರದಿಂದ ನಾನು ಅದನ್ನು ಮುಟ್ಟಿರಲಿಲ್ಲ. ಮನೆಯಲ್ಲಿ ಇರುವವರು ನಾನು ಮತ್ತು ಅವ್ವ ಇಬ್ಬರೇ. ಆ ಹನಿಯ ಸಂಗತಿಗೆ ಆಮೇಲೆ ಬರುತ್ತೇನೆ. ಮೊದಲು ನೀವು ಹೇಗಿದ್ದೀರಿ ಹೇಳಿ. ಅಲ್ಲಿ ಗಡಿಯಲ್ಲಿ ಮರಳುಗಾಡಿನ ಚಳಿ ಶುರುವಾಗಿರಬೇಕು. ಪಹರೆಗೆ ನಿಲ್ಲುವ ಮುಂಚೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತೀರಾ, ಅಥವಾ ಜೊತೆಯವರು ನಗುತ್ತಾರೆಂದು ಹಾಗೇ ಹೋಗುತ್ತೀರಾ? ಅವ್ವ ಆರಾಮಾಗಿದ್ದಾಳೆ. ಅಂಗನವಾಡಿಯ ಮಕ್ಕಳ ನೆಗಡಿಯೆಲ್ಲ ಅವಳ ಮೂಗಿಗೆ ಬಂದು ಕೂತಿದೆ, ಅಷ್ಟೇ. ನಾನೂ ಆರಾಮ ಎಂದು ಬರೆಯಬೇಕು. ಆದರೆ ನಿಮಗೆ ಸುಳ್ಳು ಬರೆಯಲು ಕೂತಿಲ್ಲ. ನನಗೆ ಹೆದರಿಕೆಯಾಗಿದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮ್ಮ ಫೋನು ಬಂತೆಂದರೆ ಅವ್ವ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಡುತ್ತಾಳೆ. ಹಾಲು ಹಾಕಲು ಬಂದವರು, ಪಕ್ಕದ ಮನೆಯವರು ಎಲ್ಲರೂ ನಿಮಗೆ ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಸಿಗ್ನಲ್ ಹೋಗಿರುತ್ತದೆ. ನನಗಂತೂ ನಾಲ್ಕು ಜನರೆದುರು ಬಾಯಿಯೇ ತೆರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ನನ್ನ ಹೆಸರು ಕೇಳಿದಾಗ ನೀರು ಕೇಳಿದವಳು ನಾನು. ಅದಕ್ಕೇ ಈ ಕಾಗದ.

ರೇಜರಿನ ವರದಿ ಮೊದಲು. ನೀವು ಹೇಳಿದ ಮಾತು ನೆನಪಿದೆ: "ಪಾರ್ಸಲ್ ಬಂದ ಕೂಡ್ಲೇ ತೆರದು ನೋಡವ್ವ, ಕೆಟ್ಟಿದ್ರ ವಾಪಸ್ ಮಾಡ್ಲಾಕ ಟೈಮ್ ಇರ್ತದ. ಇಷ್ಟ ವರ್ಷ ಸೀಟಿ ಊದೋದ್ರೊಳಗ ದಾಡಿ ಮಾಡ್ಕೊಂಡೀನಿ, ರಿಟೈರ್ ಆದ ಮ್ಯಾಲ ಸಾವಕಾಶ ಕನ್ನಡಿ ಮುಂದ ಕುಂತು ಮಾಡ್ಕೋತೀನಿ." ತೆರೆದು ನೋಡಿದೆ. ಎಲ್ಲೂ ಗೀರಿಲ್ಲ. ಅಂಗೈಯಲ್ಲಿಟ್ಟರೆ ಪೂಜೆಯ ಗಂಟೆಯಷ್ಟು ಭಾರ. ಬ್ಲೇಡುಗಳು ಬೇರೆ, ಒಂದೊಂದೂ ಮೇಣದ ಕಾಗದದೊಳಗೆ. ತಲೆಯ ಕೆಳಗೆ ಬಳೆಯಂಥ ಒಂದು ಉಂಗುರ, ಅದರ ಮೇಲೆ ಒಂದರಿಂದ ಆರರವರೆಗೆ ಅಂಕಿ. ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ. ವಾಪಸ್ ಮಾಡಬೇಕಾಗಿಲ್ಲ. ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ನೋಡಿ ಹೇಳುತ್ತಿಲ್ಲ, ಬಳಸಿ ಹೇಳುತ್ತಿದ್ದೇನೆ. ನನ್ನ ಗದ್ದದ ಮೇಲೆ.

ಇಲ್ಲಿ ಸ್ವಲ್ಪ ನಿಂತು ಮುಂದೆ ಓದಿ ಅಪ್ಪಾ. ಡಿಗ್ರಿ ಓದುವಾಗಿನಿಂದ ನನ್ನ ಗದ್ದದ ಕೆಳಗೆ, ಕಿವಿಯ ಮುಂದೆ ಕೂದಲು ಬರುತ್ತವೆ. ಎಳೆಗೂದಲಲ್ಲ, ನಿಮ್ಮವೇ ಥರದ ಕಪ್ಪು ಗಟ್ಟಿ ಕೂದಲು. ಇದು ಹಾರ್ಮೋನಿನ ತೊಂದರೆ, ಬಹಳ ಹುಡುಗಿಯರಿಗೆ ಇರುತ್ತದೆ ಎಂದು ಡಾಕ್ಟರಮ್ಮ ಗುಳಿಗೆ ಕೊಟ್ಟಿದ್ದರು. ಆ ಗುಳಿಗೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹೆದರಿಸಿದ ಮೇಲೆ ಅವ್ವ ಅದನ್ನು ನಿಲ್ಲಿಸಿದಳು. "ನಿಮ್ಮಪ್ಪಗ ಇದರಾಗೇನ್ ತಿಳೀತದ, ಹೇಳಬ್ಯಾಡ" ಎಂದಳು. ನೀವು ರಜೆಗೆ ಬಂದಾಗಲೆಲ್ಲ ನಾನು ವೇಲನ್ನು ಗದ್ದದವರೆಗೆ ಸುತ್ತಿಕೊಂಡು ಕೂರುತ್ತಿದ್ದುದು ಚಳಿಗಲ್ಲ. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಜೀನತ್ ಎನ್ನುವವಳ ಪಾರ್ಲರಿನಲ್ಲಿ ದಾರ ಹಾಕಿಸಿ ತೆಗೆಸಿಕೊಳ್ಳುತ್ತೇನೆ. "ಅರೆ ಹಿಲಬ್ಯಾಡ್ರೀ ಮೇಡಂ, ಧಾಗಾ ತಪ್ಪಿದ್ರ ತುಟಿ ಹೋಗ್ತದ" ಎಂದು ನಾನು ಅಲುಗಿದಾಗಲೆಲ್ಲ ಗದರುತ್ತಾಳೆ. ಕಾಯುವಾಗ ಪುಸ್ತಕ ಓದುತ್ತೇನಲ್ಲ, ಅದಕ್ಕೇ ನಾನು ಅವಳಿಗೆ ಮೇಡಂ.

ತಾಜಸುಲ್ತಾನಪುರದವರು ಕಮಲಾಪುರದ ಅಜ್ಜಿಯ ಮನೆಗೆ ನನ್ನನ್ನು ನೋಡಲು ಬರುವ ಸುದ್ದಿಯನ್ನು ನೀವೇ ಸ್ಪೀಕರಿನಲ್ಲಿ ಕೇಳಿದ್ದೀರಿ. ಅದೇ ವಾರ ಜೀನತ್ ತಂಗಿಯ ಮದುವೆಗೆಂದು ಹುಮನಾಬಾದಿಗೆ ಹೋದಳು, ಶಟರ್ ಇಳಿದಿತ್ತು. ಬೇರೆಯವರ ಬಳಿ ಕುಳಿತು ಮುಖ ಎತ್ತಲು ನನಗೆ ಧೈರ್ಯವಿಲ್ಲ. ಆದರೆ ಹುಡುಗ ಮಾಳಿಂಗರಾಯನಿಗಿಂತ ನಾವು ಹೆದರಿದ್ದು ಅವನ ಅಜ್ಜಿ ಬಂಡೆಮ್ಮನಿಗೆ. ಆಕೆಗೆ ಎರಡೂ ಕಣ್ಣು ಮಬ್ಬು. ನಮ್ಮ ಕಡೆ ಮುದುಕಿಯರು ಹೆಣ್ಣಿನ ಗದ್ದ ಹಿಡಿದು, ಕೆನ್ನೆ ಸವರಿ, ಆ ಬೆರಳನ್ನು ತಮ್ಮ ತುಟಿಗೆ ಮುಟ್ಟಿಸಿಕೊಂಡು, ಕಪಾಳದ ಹತ್ತಿರ ಬೆರಳ ಲಟಿಗೆ ಮುರಿದು ದೃಷ್ಟಿ ತೆಗೆಯುತ್ತಾರಲ್ಲ, ಉಳಿದವರಿಗೆ ಅದು ಮುದ್ದು. ಬಂಡೆಮ್ಮಜ್ಜಿಗೆ ನೋಡುವುದೆಂದರೆ ಅದೇ. ಮನೆಯ ಮೂವರು ಸೊಸೆಯರನ್ನೂ ಆಕೆ ಆರಿಸಿದ್ದು ಹಾಗೆಯೇ ಎಂದು ಸಂಬಂಧ ತಂದವರು ಹೊಗಳಿ ಹೇಳಿದರು. ಅವ್ವ ನನ್ನ ಮುಖ ನೋಡಿದಳು, ನಾನು ಕೈಯಲ್ಲಿದ್ದ ಚಹಾದ ತಟ್ಟೆ ನೋಡಿದೆ.

ಹೀಗಾಗಿ ಅವ್ವ ಅಂಗನವಾಡಿಗೆ ಹೋದ ಒಂದು ಬೆಳಿಗ್ಗೆ ಚಿಲಕ ಹಾಕಿಕೊಂಡು ನಿಮ್ಮ ರೇಜರ್ ತೆಗೆದುಕೊಂಡೆ. ಒಂದನೇ ನಂಬರಿಗೆ ಅಂತರ ಕಡಿಮೆ, ಆರಕ್ಕೆ ಅಂತರ ಹೆಚ್ಚು ಎಂದು ಒಳಗಿನ ಚೀಟಿಯಲ್ಲಿ ಬರೆದಿತ್ತು. ನಾನು ಯೋಚಿಸಿದ್ದು ಹೀಗೆ: ಅಂತರ ಹೆಚ್ಚಿದ್ದರೆ ಬ್ಲೇಡು ದೂರ ಇರುತ್ತದೆ, ದೂರ ಇದ್ದರೆ ಕ್ಷೇಮ. ಇಷ್ಟು ವರ್ಷ ನಾನು ಜನರ ವಿಷಯದಲ್ಲೂ ಇದೇ ಲೆಕ್ಕ ಹಾಕಿಕೊಂಡು ಬಂದವಳು. ಉಂಗುರವನ್ನು ಆರಕ್ಕೆ ತಿರುಗಿಸಿದೆ. ಸಾಬೂನು ಹಚ್ಚಿ, ಉಸಿರು ಹಿಡಿದು, ಗದ್ದದ ಕೆಳಗಿಂದ ಒಮ್ಮೆ ಎಳೆದೆ. ನೋವೇ ಆಗಲಿಲ್ಲ. ಬಿಳಿ ನೊರೆಯೊಳಗೆ ಒಂದು ಕೆಂಪು ಗೆರೆ ನಿಧಾನ ಅಗಲವಾಗುತ್ತ ಬಂತು. ನನ್ನದೇ ಗದ್ದ ಎಂದು ಅರ್ಥವಾಗಲು ಹೊತ್ತು ಬೇಕಾಯಿತು. ನಿಮ್ಮ ಹಳೆಯ ಡಬ್ಬಿಯ ಪಟಿಕದ ಕಲ್ಲು ನೆನಪಾಗಿ ಒತ್ತಿ ಹಿಡಿದೆ. ಉರಿಗೆ ಕಣ್ಣಲ್ಲಿ ನೀರು ಬಂತು, ರಕ್ತ ಮಾತ್ರ ನಿಲ್ಲಲಿಲ್ಲ. ಅವ್ವ ಬಂದವಳೇ ನನ್ನನ್ನು ಬೆಳಕಿಗೆ ಕೂರಿಸಿದಳು. ಹತ್ತಿ ಇಟ್ಟು ಪಟ್ಟಿ ಅಂಟಿಸಿದಳು. ಕೊನೆಗೆ "ಹೆಣಮಕ್ಕಳು ಬ್ಲೇಡ್ ಹಚ್ಚಿದ್ರ ಗಂಡಸರಂಗ ದಪ್ಪ ಬರ್ತದಂತ" ಎಂದು ತನಗೇ ಹೇಳಿಕೊಂಡಂತೆ ಹೇಳಿದಳು. ಅದು ಸುಳ್ಳೆಂದು ನಾನು ಓದಿದ್ದೇನೆ. ಆದರೂ ಅವತ್ತಿನಿಂದ ಎದ್ದ ಕೂಡಲೇ ಮೊದಲು ಕೈ ಹೋಗುವುದು ಗದ್ದಕ್ಕೇ.

ಪಟ್ಟಿ ಅಂಟಿಸಿಕೊಂಡೇ ಕಮಲಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು, ನೀವಿದ್ದರೆ ಬಸ್ ನಿಲ್ಲಿಸಿ ಎನ್ನುತ್ತಿದ್ದಿರಿ. ಮಾಳಿಂಗರಾಯ ತಲೆ ಎತ್ತಲಿಲ್ಲ. ಕೊಟ್ಟ ಕೆಂಪು ಬಾಳೆಹಣ್ಣು ತಿಂದು, ಸಿಪ್ಪೆ ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದ. ಕೊನೆಗೆ ಯಾರೂ ನೋಡುತ್ತಿಲ್ಲವೆಂದು ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ನೋಡಿದೆ. ಅಷ್ಟೊಂದು ಹೆದರಿಕೆಯಲ್ಲೂ ನನಗೆ ಅವನ ಮೇಲೆ ಒಂಥರಾ ಮಾಯೆ, ಅಕ್ಕರೆ ಬಂತು. ಬಂಡೆಮ್ಮಜ್ಜಿ ನನ್ನನ್ನು ಹತ್ತಿರ ಕರೆದು ಕೈ ಚಾಚಿದಳು. ಬೆರಳು ಪಟ್ಟಿಗೆ ತಾಗಿತು, ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು. "ಇದೇನ್ ಯವ್ವಾ ಇದು?" ಎಂದಳು. "ಡಬ್ಬಿ ಮುಚ್ಚಳ ಬಡದದ್ರೀ" ಎಂದು ಅವ್ವ ಅವಸರದಲ್ಲಿ ಹೇಳಿದಳು. "ಹಂಗಾರ ನಾ ಪಟ್ಟಿ ನೋಡ್ಲಾಕ ಬಂದಿನೇನು? ಗಾಯ ಮಾಯಲಿ. ಅಮಾಸಿ ದಾಟಿದ ಆಯಿತವಾರ ಮತ್ತ ಬರ್ತೀನಿ. ಬಾಳೆಹಣ್ಣ ಇಂಥವೇ ಇಟ್ಟಿರ್ರಿ ಮತ್ತ!" ಎಲ್ಲರೂ ನಕ್ಕರು. ನಾನು ಉಳಿದುಕೊಂಡೆ ಎನ್ನಿಸಿತು. ಆಮೇಲೆ ನೋಡಿದರೆ ಉಳಿದಿರಲಿಲ್ಲ. ದಿನ ಈ ಬರುವ ಭಾನುವಾರಕ್ಕೆ ಮುಂದೆ ಹೋಗಿತ್ತು, ಅಷ್ಟೇ.

ಅವರು ಹೋದ ಮೇಲೆ ರಮಾಬಾಯಿ ಅತ್ತೆ ನನ್ನನ್ನು ಹಿತ್ತಲಿಗೆ ಕರೆದಳು. ಬಾಳೆಯ ಗಿಡದ ಮರೆಯಲ್ಲಿ ತನ್ನ ಸೆರಗನ್ನು ಗದ್ದದಿಂದ ಕೆಳಗಿಳಿಸಿ ತೋರಿಸಿದಳು. ನಿಮ್ಮ ತಂಗಿ ಮದುವೆಯಾದ ವರ್ಷವೇ ಯಾಕೆ ಗಂಡನ ಮನೆಯಿಂದ ಬಂದಳೆಂದು ನಿಮಗೆ ಹೇಳಿದ್ದು 'ಹೊಂದಾಣಿಕೆ ಆಗಲಿಲ್ಲ' ಎಂದಲ್ಲವೇ? ನನಗೂ ಅಷ್ಟೇ ಗೊತ್ತಿತ್ತು. ಅತ್ತೆ ಹೇಳಿದಳು: "ಎಲ್ಲಾರೂ ಏಳೋಕಿಂತ ಮೊದಲ ಎದ್ದು ಚಿಮಟಿಗಿಲೆ ಕೀಳ್ತಿದ್ದೆ ಯವ್ವಾ. ಬಚ್ಚಲದಾಗ ಯಾಕ ಇಷ್ಟ ಹೊತ್ತು, ಚಿಲಕ ಯಾಕ ಹಾಕ್ತಿ, ಯಾರಿಗೆ ಫೋನ್ ಮಾಡ್ತಿ ಅಂತ ಸುರುವಾತು. ಒಂದಿನ ಬಾಗಿಲಾ ದೂಡಿದ್ರು. ಮೋಸ ಮಾಡಿ ಕೊಟ್ಟಾರ ಅಂತ ಓಣಿ ಕೂಡಿಸಿದ್ರು. ಕೂದಲಾ ನೋಡಿ ಬಿಟ್ಟಿಲ್ಲ ಅವ್ರು, ಮುಚ್ಚಿಟ್ಟೀನಿ ಅಂತ ಬಿಟ್ರು." ಇಷ್ಟು ಹೇಳಿ ಸೆರಗನ್ನು ಮತ್ತೆ ಮೇಲಕ್ಕೆ ಎಳೆದುಕೊಂಡು ಒಳಗೆ ಹೋಗಿ ಅನ್ನಕ್ಕಿಟ್ಟಳು. ಅತ್ತೆ ಯಾವ ಮದುವೆಯ ಫೋಟೋದಲ್ಲೂ ಯಾಕೆ ನಿಲ್ಲುವುದಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ.

ಕಲಬುರಗಿಗೆ ಬಂದು ರೇಜರನ್ನು ಕಿಟಕಿಯ ಬೆಳಕಿಗೆ ಹಿಡಿದು ಉಂಗುರವನ್ನು ಮೆಲ್ಲಗೆ ತಿರುಗಿಸಿ ನೋಡಿದೆ. ಆಗ ತಿಳಿಯಿತು. ಅಂತರ ಇರುವುದು ಬ್ಲೇಡಿಗೂ ಚರ್ಮಕ್ಕೂ ನಡುವೆ ಅಲ್ಲ, ಬ್ಲೇಡಿಗೂ ಅದನ್ನು ಕಾಯುವ ತಟ್ಟೆಗೂ ನಡುವೆ. ಆರಕ್ಕೆ ಇಟ್ಟರೆ ಬ್ಲೇಡಿನ ಕಾವಲು ದೂರ ಸರಿಯುತ್ತದೆ, ಅಲಗು ಪೂರ್ತಿ ಬಯಲಾಗುತ್ತದೆ. ಒಂದಕ್ಕೆ ಇಟ್ಟರೆ ತಟ್ಟೆ ಹತ್ತಿರ ಬಂದು ಅಲಗನ್ನು ಅಪ್ಪಿ ಹಿಡಿಯುತ್ತದೆ. ಗಾಯ ಮಾಗಿತ್ತು. ಶನಿವಾರ ಒಂದನೇ ನಂಬರಿಗೆ ಇಟ್ಟು, ಒತ್ತದೆ, ಅದರ ಭಾರಕ್ಕೇ ಬಿಟ್ಟು ಇಳಿಸಿದೆ. ಒಂದು ಹನಿ ರಕ್ತವಿಲ್ಲ. ಸವರಿದರೆ ನನ್ನ ಕೈಗೇ ನನ್ನ ಗದ್ದದ ಗುರುತು ಹತ್ತಲಿಲ್ಲ. ಸಂತೋಷವಾಗಬೇಕಿತ್ತು. ಆದರೆ ಅಪ್ಪಾ, ಗಾಯವಾದ ದಿನಕ್ಕಿಂತ ಹೆಚ್ಚು ಹೆದರಿದ್ದು ಅವತ್ತು. ಇದು ಇಷ್ಟು ಚೆನ್ನಾಗಿ ಮುಚ್ಚುತ್ತದೆ. ಬಂಡೆಮ್ಮಜ್ಜಿ ಸವರಿ ಲಟಿಗೆ ಮುರಿಯುತ್ತಾಳೆ, ಎಲ್ಲರೂ ಬಾಯಿ ಸಿಹಿ ಮಾಡಿಕೊಳ್ಳುತ್ತಾರೆ. ಆಮೇಲೆ ತಾಜಸುಲ್ತಾನಪುರದ ಆ ಮನೆಯ ಬಚ್ಚಲಿನಲ್ಲಿ ಬೆಳಗಾಗುವ ಮುಂಚೆ ನಾನು ಚಿಲಕ ಹಾಕಿಕೊಂಡು ನಿಂತಿರುತ್ತೇನೆ. ಹೊರಗೆ ಯಾರೋ ಬಾಗಿಲು ಬಡಿಯುವ ಸದ್ದು ಈಗಲೇ ಕೇಳಿಸುತ್ತದೆ.

ಈಗ ಆ ಹನಿಯ ಸಂಗತಿ. ಬೆಳಿಗ್ಗೆ ಅವ್ವ ಚಹಾ ಸೋಸುವಾಗ ಬಳೆಗಳು ಮೊಣಕೈಗೆ ಸರಿದವು. ಅವಳ ಎಡಗೈ ಮೇಲೆ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ರೊಟ್ಟಿಯ ತುಂಡಿನಷ್ಟು ಜಾಗ ಬೋಳಾಗಿತ್ತು. ಅಲ್ಲಲ್ಲಿ ಕೆಂಪು ಚುಕ್ಕೆಗಳಿದ್ದವು. ನಾನು ನೋಡಿದ್ದನ್ನು ಅವಳು ನೋಡಿದಳು. "ಆಯಿತವಾರ ನಾನೇ ಮಾಡ್ತೀನಿ. ನಿನ್ನ ಕೈ ನಡಗ್ತದ" ಎಂದು ಚಹಾ ನನ್ನೆದುರು ಸರಿಸಿದಳು. ನನಗೆ ಗೀರಾಗದಂತೆ ಮಾಡುವುದನ್ನು ಅವ್ವ ತನ್ನ ಕೈ ಮೇಲೆ ಕಲಿಯುತ್ತಿದ್ದಾಳೆ ಅಪ್ಪಾ. ಬ್ಲೇಡು ಕಂಡರೆ ಮುಖ ತಿರುಗಿಸುವವಳು. ಅವಳಿಗೆ ಬೇಡ ಎನ್ನುವುದು ಎಷ್ಟು ಕಷ್ಟ, ನಿಮಗೆ ಹೇಗೆ ಬರೆಯಲಿ.

ಅವ್ವ ಬರುವ ಹೊತ್ತಾಯಿತು. ನಿಮ್ಮ ಜೊತೆಯ ಬಿಹಾರದ ಕಾಕಾನವರಿಗೆ ನನ್ನ ನಮಸ್ಕಾರ, ಅವರು ಕಳಿಸಿದ ಮೆಹಂದಿ ಮುಗಿದಿದೆ ಎಂದೂ ಹೇಳಿ. ಮೊಣಕಾಲು ಜೋಪಾನ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅವ್ವನ ಮೇಲೆ ಬೇಡ.

ನಿಮ್ಮ ಮಗಳು,
ಪ್ರಿಯದರ್ಶಿನಿ

ತಾ.ಕ.: ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಅಲುಗಿದ್ದರೆ ಅದಕ್ಕೇ. ಲಕೋಟೆ ಯಾಕೆ ಭಾರವಿದೆ ಎಂದುಕೊಂಡಿರಬೇಕು. ಒಳಗಿರುವುದು ಮಂಚದ ಕೆಳಗಿನ ನಿಮ್ಮ ಕರಿ ಟ್ರಂಕಿನ ಕೀಲಿ, ಇರುವುದು ಇದೊಂದೇ. ರೇಜರ್, ಬ್ಲೇಡುಗಳು ಎಲ್ಲ ಅದರೊಳಗಿಟ್ಟು ಬೀಗ ಹಾಕಿದ್ದೇನೆ. ಈ ಕಾಗದ ನಿಮ್ಮ ಗಡಿ ಪೋಸ್ಟ್ ಮುಟ್ಟುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ. ಅವ್ವ ಬೇರೆ ರೇಜರ್ ತರಬಹುದು, ಜೀನತ್ ಅಂಗಡಿಯೂ ತೆರೆದಿದೆ. ಬೀಗ ಅವರಿಗಲ್ಲ, ನನಗೆ. ಭಾನುವಾರ ಬೆಳಿಗ್ಗೆ ಹೆದರಿಕೆ ಬಂದಾಗ ನನ್ನ ಕೈ ಹೋಗುವುದು ಅದರ ಕಡೆಗೇ. ಅವ್ವನಿಗೆ ಇವತ್ತೇ ಹೇಳುತ್ತೇನೆ. ಬಂಡೆಮ್ಮಜ್ಜಿ ಕೈ ಚಾಚಿದಾಗ ನಾನು ಗದ್ದ ಇದ್ದ ಹಾಗೆಯೇ ಮುಂದೆ ಮಾಡುತ್ತೇನೆ. ನೀವು ಬರುವಾಗ ಮರೆಯದೆ ಕೀಲಿ ತನ್ನಿ. ರೇಜರ್ ಒಂದನೇ ನಂಬರಿನ ಮೇಲಿದೆ.