ಕೆಂಪಿಯ ಹೆರಿಗೆಗೆ ನಿಮ್ಮ ಸಹಾಯ ಬೇಡ

ರೀ,

ನಾನು ಹೆರಿಗೆ ವಾರ್ಡಿನ ಡ್ಯೂಟಿಗೆ ಹೊರಟೆ. ಕೆಂಪಿ ಕಾವಿಗೆ ಕೂತು ಇವತ್ತಿಗೆ ಇಪ್ಪತ್ತೊಂದು ದಿನ, ಮೊಟ್ಟೆ ಒಡೆಯುವ ಹೊತ್ತು.

ಬುಟ್ಟಿಯ ಪಕ್ಕ ನೀರು, ನುಚ್ಚು ಇಟ್ಟಿದ್ದೇನೆ. ಅದು ಕೋಳಿಗೆ. ನಿಮ್ಮ ಊಟ ಒಲೆಯ ಮೇಲಿದೆ.

ನಿಮ್ಮ ಸ್ಕ್ರೂಡ್ರೈವರ್ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ರೇಡಿಯೊ ರಿಪೇರಿಯವರಿಗೆ ಮುಚ್ಚಿದ್ದನ್ನೆಲ್ಲ ಬಿಚ್ಚಿ ನೋಡದಿದ್ದರೆ ನಿದ್ದೆ ಬರಲ್ಲ ಅಂತ ಗೊತ್ತು. ಹೋದ ಸಲ "ಪಾಪ ಕಣೇ, ಒಳಗೆ ಒದ್ದಾಡ್ತಿತ್ತು, ಸ್ವಲ್ಪ ಚಿಪ್ಪು ಬಿಡಿಸಿಕೊಟ್ಟೆ" ಅಂದಿರಿ. ನೀವು ಉಪಕಾರ ಮಾಡಿದ ಎರಡು ಮರಿಗಳೂ ಉಳಿಯಲಿಲ್ಲ. ಈ ಸಲ ಮರಿ ಒಂದು ದಿನ ತಗೊಂಡರೂ ತಾನೇ ಒಡೆದುಕೊಂಡು ಬರಲಿ. ಟಾರ್ಚ್ ಬಿಡಬೇಡಿ. ಮೊಟ್ಟೆಗೆ ಕಿವಿ ಕೊಡಬೇಡಿ. ಕೆಂಪಿ ಕುಕ್ಕಿದರೆ ನನಗೆ ಫೋನ್ ಮಾಡಬೇಡಿ, ನ್ಯಾಯ ಅವಳ ಕಡೆಗೇ ಇರುತ್ತದೆ.

ನಮ್ಮ ಮಗಳು ಹುಟ್ಟುವಾಗ ಹನ್ನೆರಡು ಗಂಟೆ ಗಾಜಿನ ಬಾಗಿಲ ಹೊರಗೆ ಕೂತಿದ್ದಿರಿ, ಏನನ್ನೂ ಮುಟ್ಟಲಿಲ್ಲ. ಜೀವನದಲ್ಲಿ ನೀವು ಮಾಡಿದ ಅತಿ ಅಚ್ಚುಕಟ್ಟಾದ ಕೆಲಸ ಅದು.

ಹಿತ್ತಿಲಲ್ಲಿ ಸ್ಟೂಲು ಹಾಕಿದ್ದೇನೆ. ಅಲ್ಲಿಂದ ಮೊಟ್ಟೆ ನಿಮ್ಮ ಕೈಗೆ ಎಟುಕಲ್ಲ, ಆದರೆ ನೀವು ಕೆಂಪಿಗೆ ಕಾಣುತ್ತೀರಿ. ಅವತ್ತು ನನಗೂ ಅಷ್ಟೇ ಸಾಕಾಗಿತ್ತು.