ಟೇಪು ನಿಂತ ಜಾಗ

ಡುಲೂತ್, ೧೪ ನವೆಂಬರ್ ೧೯೮೬, ಶುಕ್ರವಾರ

ಯಾರಿಗೂ ಹೇಳಿರಲಿಲ್ಲ: ವಿಡಿಯೊ ಅಂಗಡಿಯಲ್ಲಿ ಪರದೆಯ ಹಿಂದೆ ಇಟ್ಟ ನೀಲಿಚಿತ್ರಗಳ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಒಯ್ಯುವ ಗಂಡಸರ ಜೊತೆ ನಾನೂ ನಕ್ಕಿದ್ದೇನೆ. ಶಾಲೆ ಬಿಟ್ಟವಳಿಗೆ ಸಿಕ್ಕ ಕೆಲಸ, ಉಳಿಸಿಕೊಳ್ಳಬೇಕಿತ್ತು.

ವಾಪಸು ಬಂದ ಟೇಪನ್ನು ಒಂದು ಕ್ಷಣ ಓಡಿಸಿ ನೋಡಿ, ಮತ್ತೆ ಮೊದಲಿಗೆ ಸುತ್ತಿಡಬೇಕು. ಹಾಗಾಗಿ ಯಾರು ಎಲ್ಲಿ ನಿಲ್ಲಿಸಿದ್ದಾರೆಂದು ನನಗೆ ಗೊತ್ತಾಗುತ್ತದೆ. ಹೆಚ್ಚಿನವು ಚಿತ್ರದ ಹೆಂಗಸು 'ಬೇಡ, ಬೇಡ' ಎಂದು ಅಳುವಲ್ಲೇ ನಿಂತಿರುತ್ತವೆ. ಇಂದಿನದೂ ಅಷ್ಟೇ. ಒಯ್ದಿದ್ದವನು ಕರ್ಟಿಸ್, ನಾನು ಮದುವೆಯಾಗಬೇಕಾದವನು. ಅವನು ಅಂಗಡಿಗೆ ಬಂದಾಗ, ಇಂಥದ್ದನ್ನು ಹೇಗೆ ನೋಡುತ್ತೀಯ ಎಂದು ಕೇಳಿದೆ.

"ನಟನೆ ಕಣೇ ಅದು! ಟೀಚರಮ್ಮನ ಥರ ಆಡ್ಬೇಡ."

"ಮತ್ತೆ ಅವಳು ಅಳೋ ಕಡೇನೇ ಯಾಕೋ ನಿಲ್ಸಿದ್ದೆ?"

"ಅಷ್ಟೊತ್ತಿಗೆ ನಂದು ಮುಗೀತು," ಎಂದ. ಮಾಲೀಕ ವರ್ನ್ ಬಿದ್ದು ಬಿದ್ದು ನಕ್ಕ.

ಆಮೇಲೆ ಕರ್ಟಿಸ್ ನನ್ನ ಕೆನ್ನೆ ಸವರಿದ. ನಾನು ಅಳುವುದನ್ನೂ ಇವನು ಹೀಗೇ ಕಾಯುತ್ತಾ…

ನಾಳೆ ಬೆಳಗಿನ ಬಸ್ಸಿಗೆ ಅಕ್ಕನ ಊರಿಗೆ ಹೋಗುತ್ತಿದ್ದೇನೆ.