ಹಿಂದಿನ ದೊಡ್ಡಿ ತೆಗೀಲಾ?

ಜೂನ್ ೯, ಭಾನುವಾರ

ಪ್ರೀತಿಯ ಲೆಕ್ಕದಕ್ಕನಿಗೆ,

ನಿನ್ನ ಒತ್ತಕ್ಷರದವಳ ನಮಸ್ಕಾರ. ನಿನ್ನ ಎರಡು ಕಾಗದಗಳೂ ತಲುಪಿ, ಮೇಜಿನ ಮೇಲಿಂದ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿವೆ. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಸ್ನಾನದ ಮನೆಯಲ್ಲಿ ಕಾಲು ಜಾರಿ ಬಿದ್ದು ಬಲಗೈಯ ಬೆರಳುಗಳು ಮುರಿದಿವೆ. ಇದು ಎಡಗೈಯ ಬರಹ. ‘ಅಕ್ಷರ ಸುಧಾರಿಸಬೇಕು’ ಎಂದು ಮಕ್ಕಳ ಪುಸ್ತಕಗಳಲ್ಲಿ ಕೆಂಪು ಶಾಯಿಯಿಂದ ಬರೆದು ಬರೆದು ನಿವೃತ್ತಳಾದವಳ ಅಕ್ಷರ ಈಗ ಕೋಳಿ ಕೆದರಿದಂತಿದೆ. ನೀನು ನಗುತ್ತೀ ಎಂದು ಗೊತ್ತು. ನಗು, ಆದರೆ ಮುಂದಕ್ಕೆ ಓದು.

ಕುರಿ ಸಂಶೋಧನಾ ಕೇಂದ್ರದ ಬಗ್ಗೆ ಪತ್ರಿಕೆಯಲ್ಲಿ ಬಂದದ್ದು ನಿಜವೇ ಎಂದು ಕೇಳಿದ್ದೀಯೆ. ಕಾಗುಣಿತವೊಂದನ್ನು ಬಿಟ್ಟರೆ ಅವರು ಹೆಚ್ಚೇನೂ ತಪ್ಪು ಬರೆದಿಲ್ಲ. ಆದರೆ ಆದದ್ದೆಲ್ಲವನ್ನೂ ಬರೆದಿಲ್ಲ.

ಮಗಳು ಮಾಡುವ ಕೆಲಸವೇನೆಂದು ನಿನಗೆ ನಾನು ಎಂದೂ ಬಿಡಿಸಿ ಹೇಳಿರಲಿಲ್ಲ. ಊಟದ ಮೇಜಿನ ಮೇಲೆ ಕುರಿಯ ಹಿಕ್ಕೆ ತಂದಿಡುವ ಕೆಲಸವನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಸುಲಭವಲ್ಲ. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೂಲಿನೆಳೆಯಂಥ ಒಂದು ಹುಳು ಕಚ್ಚಿ ಕುಳಿತು ರಕ್ತ ಹೀರುತ್ತದೆ. ಅವು ಮಿತಿಮೀರಿದರೆ ಕುರಿಯ ಒಸಡು ಸುಣ್ಣದಂತೆ ಬಿಳಿಚಿ, ಗದ್ದದ ಕೆಳಗೆ ನೀರು ತುಂಬಿ, ಅದು ನಿಂತಲ್ಲೇ ಕುಸಿಯುತ್ತದೆ. ಔಷಧಿಗೆ ಆ ಹುಳು ಈಗ ಬಗ್ಗುತ್ತಿಲ್ಲ. ಹುಳುವನ್ನು ತಡೆಯುವ ತಳಿಗಳು ಇವೆಯಂತೆ, ಆದರೆ ಅವು ಮೈತುಂಬಿ ಬೆಳೆಯುವುದಿಲ್ಲ. ಬೆಳೆಯುವ ತಳಿಗಳು ಹುಳುವಿಗೆ ತುತ್ತಾಗುತ್ತವೆ. ಈ ಎರಡು ಗುಣಗಳನ್ನು ಒಂದೇ ರಕ್ತದಲ್ಲಿ ಕೂಡಿಸಲು ನನ್ನ ಮಗಳು ತನ್ನ ಯೌವನವನ್ನೆಲ್ಲ ದೊಡ್ಡಿಗಳಲ್ಲಿ ಕಳೆದಳು. ಕೊನೆಗೂ ಹುಟ್ಟಿತು ಒಂದು ಟಗರು. ಗೂಳಿಯಂಥ ಕತ್ತು, ಬಂಡೆಯಂಥ ಹಣೆ, ಹಿಕ್ಕೆಯಲ್ಲಿ ಹುಡುಕಿದರೂ ಸಿಗದ ಹುಳುವಿನ ಮೊಟ್ಟೆ. ಅದಕ್ಕೆ ‘ದೊರೆ’ ಎಂದು ಹೆಸರಿಟ್ಟವನು ದೊಡ್ಡಿ ಮಾವ.

ದೊಡ್ಡಿ ಮಾವ ಅಲ್ಲಿ ಕುರಿಗಳನ್ನು ನೋಡಿಕೊಳ್ಳುತ್ತಿದ್ದವನು. ಯಾರಿಗೂ ಸಂಬಂಧಿಯಲ್ಲ, ಎಲ್ಲರಿಗೂ ಮಾವ. ನಾವಿರುವ ವಸತಿಗೃಹ ಕೇಂದ್ರದ ಬೇಲಿಗೆ ಅಂಟಿಕೊಂಡೇ ಇರುವುದರಿಂದ ದಿನವೂ ಬೇಲಿಯಾಚೆಯಿಂದ ನನ್ನನ್ನು ಕೆಣಕುತ್ತಿದ್ದ. “ಟೀಚರಮ್ಮಾ, ನಮ್ ದೊರೆ ‘ಬ್ಯಾ’ ಅಂತಾನೆ. ಒತ್ತಕ್ಷರ ಸರಿ ಇದ್ಯಾ, ಸ್ವಲ್ಪ ನೋಡಿ!”

“ಸರಿ ಇದೆ. ನಿನಗಿಂತ ಅವನೇ ವಾಸಿ.”

“ಹಾಗಾದ್ರೆ ಅವನನ್ನ ಪಾಸ್ ಮಾಡಿ, ನನ್ನನ್ನ ಅದೇ ಕ್ಲಾಸಲ್ಲಿ ಕೂರಿಸ್ಬಿಡಿ.”

ನಮ್ಮ ಶಿಕ್ಷಕರ ಕೋಣೆಯಲ್ಲಿ ನೀನು ನನ್ನ ಯಾವ ಹಟಕ್ಕೆ ನಗುತ್ತಿದ್ದೆ, ನೆನಪಿದೆಯೇ? ಬಾಗಿಲನ್ನು ತೆರೆಯಬೇಕು, ತೆಗೆಯಬಾರದು. ‘ಟೀಚರ್, ಬಾಗಿಲು ತೆಗೀಲಾ?’ ಎಂದು ಮಗು ಕೇಳಿದರೆ, ‘ತೆಗೆ, ತೆಗೆದು ಹೆಗಲ ಮೇಲಿಟ್ಟುಕೊಂಡು ಮನೆಗೆ ಒಯ್ಯಿ’ ಎನ್ನುತ್ತಿದ್ದೆ. ನನ್ನ ಮಗಳು ಆ ಪಾಠದಲ್ಲೇ ಬೆಳೆದವಳು. ನಮ್ಮ ಮನೆಯಲ್ಲಿ ‘ತೆಗೆ’ ಎಂಬುದಕ್ಕೆ ಕಿತ್ತುಹಾಕು, ಬಿಚ್ಚಿಹಾಕು ಎಂದಷ್ಟೇ ಅರ್ಥ.

ಆ ಬೆಳಿಗ್ಗೆ ಅವಳು ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹುಳುವಿನ ಮೊಟ್ಟೆಗಳನ್ನು ಎಣಿಸುತ್ತಿದ್ದಳು. ಎಣಿಕೆ ತಪ್ಪಿದರೆ ಮೊದಲಿಂದ ಎಣಿಸಬೇಕು. ಆ ಹೊತ್ತಿನಲ್ಲಿ ನಾನು ಕೆಮ್ಮಿದರೂ ಸಿಡುಕುತ್ತಾಳೆ. ಫೋನು ಸ್ಪೀಕರಿನಲ್ಲಿತ್ತು. ದೊರೆಯನ್ನು ಕೂಡಿದ್ದ ಹಿಂದಿನ ದೊಡ್ಡಿಯ ಹಲಗೆಗಳು ಕೊಳೆತಿದ್ದುದರಿಂದ ಅದನ್ನು ಬಿಚ್ಚಿ ಹೊಸದು ಕಟ್ಟುವುದೆಂದು ತೀರ್ಮಾನವಾಗಿತ್ತು. ಟಗರನ್ನು ಹಿಂದಿನ ದಿನವೇ ಬೇರೆಡೆಗೆ ಸಾಗಿಸಿದ್ದಾರೆಂದು ಅವಳು ತಿಳಿದಿದ್ದಳು. ಸಾಗಿಸಿರಲಿಲ್ಲ.

“ಅಮ್ಮೋರೇ, ಹಿಂದಿನ ದೊಡ್ಡಿ ತೆಗೀಲಾ?” ಎಂದ ಮಾವ.

“ಹೂಂ ಮಾವ, ತೆಗೀರಿ.”

ಮಾವ ಫೋನು ಇಡಲಿಲ್ಲ. ಆಮೇಲೆ, “ಅಲ್ಲಮ್ಮೋರೇ, ಹುಡುಗ್ರೆಲ್ಲ ಅಂಗಳದಲ್ಲೇ ಇದಾರೆ. ಇವನು ಬೇರೆ ಬುಸುಗುಡ್ತಿದಾನೆ. ಆದ್ರೂ ತೆಗೀಲಾ?” ಹುಡುಗರೆಂದರೆ ದೊರೆಗೆ ಹುಟ್ಟಿದ ಪ್ರಾಯದ ಟಗರುಗಳು.

“ಅಯ್ಯೋ, ಎಣಿಕೆ ತಪ್ತು ನೋಡಿ! ಒಂದ್ಸಲ ಹೇಳಿದ್ದು ಕೇಳಿಸ್ಲಿಲ್ವಾ? ತೆಗೀರಿ ಅಂದ್ನಲ್ಲ!”

ಒಲೆಯ ಮುಂದಿದ್ದ ನನ್ನ ಕಣ್ಣಿಗೂ ಹಲಗೆ ಬಿಚ್ಚುವ ಚಿತ್ರವೇ ಬಂತು. ಅವನು ಕೇಳಿದ್ದು ದೊಡ್ಡಿಯ ಬಾಗಿಲನ್ನೆಂದು ಅರಚಾಟ ಕೇಳಿಸುವವರೆಗೆ ನನಗೂ ಹೊಳೆಯಲಿಲ್ಲ.

ನಾವು ಓಡಿಹೋಗುವ ವೇಳೆಗೆ ಅಂಗಳದ ಮಣ್ಣು ಕೆಸರಾಗಿತ್ತು, ನೀರಿನಿಂದಲ್ಲ. ಒಂದು ಟಗರು ಕತ್ತು ಮುರಿದು ಬೆನ್ನ ಮೇಲೆ ಬಿದ್ದು ಕಾಲು ಝಾಡಿಸುತ್ತಿತ್ತು. ಇನ್ನೊಂದಕ್ಕೆ ಕೊಂಬು ಬುಡಸಮೇತ ಕಿತ್ತು ಬಂದು, ಅದು ಕುರುಡಾಗಿ ಬೇಲಿಗೆ ಹಾಯುತ್ತಿತ್ತು. ನೀರಿನ ಕಲ್ಲು ತೊಟ್ಟಿಗೆ ಒರಗಿ ದೊಡ್ಡಿ ಮಾವ ಕುಳಿತಿದ್ದ. ಬಿಡಿಸಲು ಹೋಗಿ ನಡುವೆ ಸಿಕ್ಕಿಬಿದ್ದಿದ್ದ. ದೊರೆ ಹಿಂದೆ ಹಿಂದೆ ಸರಿದು, ತಲೆ ತಗ್ಗಿಸಿ, ಓಡಿಬಂದು ಅವನ ಎದೆಗೆ ಗುದ್ದಿತು. ತೆಂಗಿನ ಚಿಪ್ಪು ಒಡೆದಂಥ ಸದ್ದು. ಮತ್ತೆ ಸರಿಯಿತು. ಮತ್ತೆ ಬಂತು. ಮಾವ ಎರಡು ಕೈಗಳನ್ನೂ ಮುಂದೆ ಚಾಚಿ, ಮಗುವನ್ನು ರಮಿಸುವಂತೆ “ಸಾಕು, ಸಾಕು ಕಣೋ” ಎನ್ನುತ್ತಿದ್ದ. ಆಮೇಲಿನ ಗುದ್ದು ಅವನ ಮುಖಕ್ಕೆ ಬಿತ್ತು. ಅಲ್ಲಿಗೆ ಅವನ ಮಾತು ನಿಂತಿತು.

ಮಗಳು ಬಾಗಿಲಿನ ಕಬ್ಬಿಣದ ಅಗುಳಿಯನ್ನು ಎತ್ತಿಕೊಂಡಳು. ದೊರೆಯ ಕಿವಿಯ ಹಿಂದೆ ಹೊಡೆದಳು. ಅದು ಮಂಡಿಯೂರಿದ ಮೇಲೂ ಹೊಡೆದಳು, ಕಣ್ಣು ಹೊರಬಂದ ಮೇಲೂ ಹೊಡೆದಳು. ಪ್ರತಿ ಏಟಿಗೂ “ಬೇಡ, ಬೇಡ” ಎಂದು ಅಳುತ್ತಿದ್ದವಳು ಅವಳೇ. ಅಕ್ಕ, ತನ್ನ ಇಡೀ ಬದುಕನ್ನು ಒಬ್ಬಳು ತಾನೇ ಬಡಿದು ಕೊಲ್ಲುವುದನ್ನು ನೀನು ನೋಡಿಲ್ಲ, ನೋಡದಿರು.

ಪತ್ರಿಕೆಗೆ ಗೊತ್ತಿಲ್ಲದ್ದು ಇದು. ಮಾವನನ್ನು ಗಾಡಿಗೆ ಹಾಕಿಕೊಂಡು ಹೋದರು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತಂತೆ. ನಾನು ಗಾಡಿಯ ಧೂಳು ನೋಡುತ್ತ ನಿಂತು, ತಿರುಗಿ ಬಂದರೆ, ಮಗಳು ದೊರೆಯ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಮೊಣಕೈವರೆಗೆ ಒಳಗಿಳಿದು, ನಾಲ್ಕನೆಯ ಹೊಟ್ಟೆಯನ್ನು ಹೊರಗೆಳೆದು ಬಿಡಿಸುತ್ತಿದ್ದಳು. “ಏನು ಮಾಡುತ್ತಿದ್ದೀ?” ಎಂದು ಕಿರುಚಿದೆ.

“ಮೈ ಆರೋದ್ರೊಳಗೆ ನೋಡ್ಬೇಕಮ್ಮ. ಆಮೇಲೆ ಹುಳು ಕರಗಿ ಹೋಗ್ತವೆ.” ಅವಳು ತಲೆಯನ್ನೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ, “ಏನೂ ಇಲ್ಲ, ನೋಡು. ಒಂದೂ ಇಲ್ಲ. ಎಷ್ಟು ಸ್ವಚ್ಛವಾಗಿದೆ!” ಎಂದು, ಆ ಹೊಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅತ್ತಳು. ಆ ಅಳು ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಅಣ್ಣನ ಮಣ್ಣು ಮುಗಿಸಿದ ಮರುದಿನ ಮಾವನ ತಮ್ಮ ಬಂದ. ವೃತ್ತಿಯಲ್ಲಿ ವೆಲ್ಡರು, ಕೈಯಲ್ಲಿ ಹಾರೆ. “ಬಾಗಿಲು ತೆಗೀರಿ!” ಎಂದು ಅಬ್ಬರಿಸಿದ. “ತೆರೆಯುವುದಿಲ್ಲ” ಎಂದೆ ಒಳಗಿನಿಂದ. ಅವನು ಹಾರೆಯ ಮೊನೆಯನ್ನು ತಿರುಗಣೆಗೆ ಕೊಟ್ಟು ಮೀಟಿ, ಬಾಗಿಲನ್ನೇ ಕಳಚಿ ಅಂಗಳಕ್ಕೆ ಎಸೆದ. ಅಂದು ನಮ್ಮ ಬಾಗಿಲನ್ನು ವ್ಯಾಕರಣಬದ್ಧವಾಗಿಯೇ ತೆಗೆದರು, ಅಕ್ಕ.

ಸೂಕ್ಷ್ಮದರ್ಶಕ ಒಂದೇ ಏಟಿಗೆ ಪುಡಿಯಾಯಿತು. ಮಗಳ ಜಡೆ ಹಿಡಿದು ಹೊಸ್ತಿಲವರೆಗೆ ಎಳೆದು ತಂದು, ಕೆನ್ನೆಗೆ ಬಾರಿಸಿದ. “ನಮ್ಮಣ್ಣನ ಉಸಿರು ಹೋಗ್ತಿದ್ರೆ ಕುರಿ ಹೊಟ್ಟೆ ಕುಯ್ತಾ ಕೂತಿದ್ಯಂತೆ! ಏನಿತ್ತೇ ಅದ್ರೊಳಗೆ? ಹೇಳೇ, ಏನಿತ್ತು?” ಅವಳ ತುಟಿ ಹರಿದು ಹಲ್ಲು ಕೆಂಪಾಗಿತ್ತು. “ಏನೂ ಇರ್ಲಿಲ್ಲ” ಎಂದಳು. ಅವನು ಮತ್ತೆ ಕೈ ಎತ್ತಿದಾಗ, ನಾನು ನನ್ನ ಹಳೆಯ ಮರದ ಅಡಿಕೋಲಿನಿಂದ ಅವನ ಮಣಿಕಟ್ಟಿಗೆ ಹೊಡೆದೆ. ಆ ಕೋಲೂ ಎರಡು ತುಂಡಾಯಿತು. ಆ ತುಂಡನ್ನು ನೋಡಿ ಅವನಿಗೆ ಏನನ್ನಿಸಿತೋ, ಹಾರೆ ಕೆಳಗಿಟ್ಟು, ಬಾಗಿಲಿಲ್ಲದ ಹೊಸ್ತಿಲಲ್ಲಿ ಕುಸಿದು ಕುಳಿತ.

“ಟೀಚರಮ್ಮ, ನಮ್ಮಣ್ಣ ಕೇಳ್ದೆ ಏನೂ ಮಾಡೋನಲ್ಲ. ಹೆದ್ರುಪುಕ್ಕಲ ಅವನು. ಹೇಳಿದ್ ಮಾತು ಮೀರಿ ಬಾಗಿಲು ತೆಗೆದ, ತನ್ ತಪ್ಪಿಂದ ತಾನೇ ಸತ್ತ ಅಂತ ಕೇಂದ್ರದೋರು ವಿಚಾರಣೇಲಿ ಬರೀತಾರಂತೆ. ಅವನು ಕೇಳಿದ್ನೋ ಇಲ್ವೋ, ಅಷ್ಟು ಹೇಳಿ. ಸಾಕು, ಹೋಗ್ತೀನಿ.”

ಮಗಳ ಕಣ್ಣು ನನ್ನ ಮೇಲಿತ್ತು. “ವಿಚಾರಣೆಯಲ್ಲಿ ಹೇಳುತ್ತೇನೆ” ಎಂದೆ.

ವಿಚಾರಣೆಯ ದಿನ ಬೆಳಿಗ್ಗೆ ಅವಳು ನನ್ನ ಸೀರೆಯ ನೆರಿಗೆ ಸರಿಪಡಿಸುತ್ತ ಹೇಳಿದಳು: “ಸುಳ್ಳು ಹೇಳು ಅಂತ ನಾನು ಕೇಳ್ತಿಲ್ಲಮ್ಮ. ವ್ಯಾಕರಣ ಹೇಳು, ಅಷ್ಟೇ. ನಾನು ಬಿಚ್ಚಿಹಾಕು ಅಂದೆ, ಅವರು ತೆರೆದ್ರು.”

“ಅವನು ಎರಡನೆಯ ಸಲ ಕೇಳಿದ್ದು?”

“ಅದನ್ನ ಅವರು ಕೇಳಲ್ಲ. ನೀನಾಗೇ ಹೇಳ್ಬೇಡ. ಉಳಿದಿರೋ ಮರಿಗಳನ್ನಾದ್ರೂ ನನ್ನ ಕೈಲಿ ಬಿಡ್ಲಿ. ದೊರೆಯ ರಕ್ತ ಇನ್ನೆಲ್ಲೂ ಇಲ್ಲಮ್ಮ.”

ಸಮಿತಿಯ ಅಧ್ಯಕ್ಷರು ಸೌಜನ್ಯದವರು. “ಟೀಚರಮ್ಮ, ನೀವು ಭಾಷೆ ಬಲ್ಲವರು. ಶುದ್ಧವಾಗಿ ಹೇಳೋದಾದ್ರೆ ‘ತೆಗೆ’ ಅಂದ್ರೆ ಬಿಚ್ಚಿಹಾಕು ಅಂತ ತಾನೆ?” ಎಂದರು. ಹೌದು ಎಂದರೆ ಮುಗಿಯಿತು. ನನ್ನ ಜೀವಮಾನದ ಪಾಠಕ್ಕೆ ಸರ್ಕಾರದ ಮೊಹರು ಬೀಳುತ್ತಿತ್ತು. ಗೋಡೆಗೊರಗಿ ವೆಲ್ಡರು ನಿಂತಿದ್ದ.

“ನನ್ನ ಮನೆಯಲ್ಲಿ ಮಾತ್ರ ಹಾಗೆ, ಸ್ವಾಮಿ” ಎಂದೆ. “ಉಳಿದ ಜನರೆಲ್ಲ ಬಾಗಿಲನ್ನು ತೆಗೆಯುತ್ತಾರೆ. ಅವನೂ ಹಾಗೆಯೇ ಕೇಳಿದ. ಒಂದಲ್ಲ, ಎರಡು ಸಲ ಕೇಳಿದ. ಅಂಗಳದಲ್ಲಿ ಬೇರೆ ಟಗರುಗಳಿವೆ, ಆದರೂ ತೆಗೆಯಲೇ ಎಂದು ಕೇಳಿದ. ಎರಡು ಸಲವೂ ಅವನಿಗೆ ತೆಗೆಯಿರಿ ಎಂಬ ಉತ್ತರವೇ ಸಿಕ್ಕಿತು.”

ಮಗಳನ್ನು ಕೆಲಸದಿಂದ ದೂರವಿಟ್ಟಿದ್ದಾರೆ. ದೊರೆಯ ಮರಿಗಳು ಬೇರೊಬ್ಬರ ಪಾಲಾದವು. ಮಾವನ ಹೆಸರಿನ ಮುಂದೆ ‘ತಪ್ಪಿಲ್ಲ’ ಎಂದು ಬರೆದರಂತೆ. ಅಲ್ಲಾದರೂ ಒತ್ತಕ್ಷರ ಸರಿಯಾಗಿರಲಿ. ವೆಲ್ಡರು ಬಂದು ನಮ್ಮ ಬಾಗಿಲನ್ನು ಮತ್ತೆ ಕೂರಿಸಿ ಹೋದ. ಮೊದಲಿಗಿಂತ ಗಟ್ಟಿಯಾಗಿದೆ.

ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳು ಮಗ್ಗಿ ಹೇಳಲು ಅಳುತ್ತಾಳೆಂದು ಬರೆದಿದ್ದೆ. ಅಳಲಿ, ಆದರೆ ನಿನ್ನ ಹಳೆಯ ಗದರಿಕೆ ಅವಳ ಮೇಲೆ ಬೇಡ. ಮಗು ನೂರು ಕಾಲ ನಗುತ್ತ ಬಾಳಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಒತ್ತಕ್ಷರದವಳು

ಮರೆತ ಮಾತು: ಸ್ನಾನದ ಮನೆಯಲ್ಲಿ ನಾನು ಜಾರಿ ಬೀಳಲಿಲ್ಲ. ವೈದ್ಯರಿಗೆ ಹಾಗೆ ಹೇಳಿದ್ದೇನೆ. ಎಡಗೈ ನಿನಗೂ ಅದನ್ನೇ ಬರೆದುಬಿಟ್ಟಿತು. ವಿಚಾರಣೆ ಮುಗಿಸಿ ಬಂದ ದಿನ ಅವಳ ಕೋಣೆಯ ಬಾಗಿಲು ತಟ್ಟಿ, “ತೆರೆಯೇ, ಮಗಳೇ” ಎಂದೆ. ಒಂದು ಗೇಣು ತೆರೆದಳು. ಅವಳು ಮತ್ತೆ ಮುಚ್ಚದಿರಲೆಂದು ಬಲಗೈಯನ್ನು ಚೌಕಟ್ಟಿನ ಮೇಲಿಟ್ಟೆ. ಅವಳು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದಳು. “ಕೈ ತೆಗಿ” ಎಂದಳು. ಆ ಪದಪ್ರಯೋಗದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ, ಅಕ್ಕ. ನಾನು ತೆಗೆಯಲಿಲ್ಲ. ಅವಳು ತನ್ನ ಭಾರವನ್ನೆಲ್ಲ ಹಾಕಿ ಬಾಗಿಲನ್ನು ಮುಚ್ಚಿದಳು.